ಸಂಗಪ್ಪ ಮಾಮಾನ ದೋಣಿಯ ರಿಪೇರಿ

ಹೋದ ತಿಂಗಳು ಬಾಗಲಕೋಟೆಯ ಹೊರಗೆ ಹಿನ್ನೀರಿನ ದಂಡೆಗೆ ಹೋಗಿದ್ದೆ. ಹೋಗಿದ್ದೆ ಅನ್ನುವುದಕ್ಕಿಂತ ಎಳೆದುಕೊಂಡು ಹೋದರು ಅನ್ನಬೇಕು. ಬಾದಾಮಿ, ಬನಶಂಕರಿ ನೋಡಲು ಬಂದ ಬೀಗರಿಗೆ ದೋಣಿಯಲ್ಲಿ ಒಂದು ಸುತ್ತು ಹಾಕಿಸಲೇಬೇಕೆಂದು ನನ್ನ ಹೆಂಡತಿಯ ಹಟ. ಸಾಲಿನಲ್ಲಿ ನಿಂತಿದ್ದಾಗ ದೋಣಿಯವನು ಇಂಜಿನ್ನಿನ ಹಗ್ಗ ಎಳೆದ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಅದು ಹತ್ತಿಕೊಂಡಿತು. ನೀಲಿ ಹೊಗೆ ನಮ್ಮ ಕಡೆಗೇ ತೇಲಿ ಬಂತು. ಪೆಟ್ರೋಲಿಗೆ ಆಯಿಲ್ ಕೂಡಿಸಿ ಸುಟ್ಟ ವಾಸನೆ. ಬೀಗಿತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅತ್ತರಿನ ಅಂಗಡಿಯ ಮುಂದೆ ನಿಂತವನ ಹಾಗೆ ಉಸಿರೆಳೆದುಕೊಂಡೆ.

ನನ್ನ ತಪ್ಪಲ್ಲ. ಈ ವಾಸನೆಯನ್ನು ನಾನು ಎರಡು ವರ್ಷ ದಿನವೂ ಬೆಳಿಗ್ಗೆ ಮತ್ತು ಸಂಜೆ ಕುಡಿದಿದ್ದೇನೆ. ನನ್ನ ಮೊದಲ ನೌಕರಿ ಇದೇ ಹಿನ್ನೀರಿನ ಆಚೆ ದಂಡೆಯ ಸಾಲೆಯಲ್ಲಿ. ನಮ್ಮ ಊರು ಮುಳುಗಡೆಯಾಗಿ ಈಚೆ ದಂಡೆಯ ದಿಬ್ಬದ ಮೇಲೆ ಹೊಸ ಊರಾಗಿ ಕುಳಿತಿತ್ತು. ಮುಳುಗದೆ ಉಳಿದ ಒಂದಿಷ್ಟು ಹೊಲ, ಒಂದು ಸಾಲೆ, ನಾಲ್ಕಾರು ಮನೆ ಆಚೆ ದಂಡೆಯಲ್ಲಿದ್ದವು. ರಸ್ತೆ ಹಿಡಿದರೆ ಬೇವೂರಿನ ಮೇಲಿಂದ ಸುತ್ತಿ ಬಳಸಿ ಅರ್ಧ ದಿನ. ದೋಣಿಯಲ್ಲಾದರೆ ಒಂದು ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ಆಚೆ. ಆ ದೋಣಿ ನಮ್ಮ ಸಂಗಪ್ಪ ಮಾಮಾನದು, ಅಂದರೆ ನನ್ನ ತಾಯಿಯ ತಮ್ಮನದು. ಮುಳುಗಡೆಯಲ್ಲಿ ಅವನ ಹೊಲವೆಲ್ಲ ಹೋಗಿತ್ತು. ಹೊಲ ಹೋದ ನೀರಿನ ಮೇಲೆಯೇ ದೋಣಿ ಬಿಟ್ಟು ಬದುಕುತ್ತೇನೆ ಎಂದು ಹೊರಟವನು ಅವನು. ತಗಡಿನ ದೋಣಿ, ಅದರ ಹಿಂದೆ ತೂಗುಹಾಕುವ ಇಂಜಿನ್ನು. ಸಮುದ್ರದ ಕಡೆಯ ಊರಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದ.

ತುಂಬು ನೀರಿನ ತಿಂಗಳುಗಳಲ್ಲಿ ಇಂಜಿನ್ನು ಸೊಸೆಯ ಹಾಗೆ ತಲೆ ತಗ್ಗಿಸಿ ದುಡಿಯಿತು. ಸಂಕ್ರಮಣ ಮುಗಿದು ನೀರು ಇಳಿಯತೊಡಗಿತೋ ಇಲ್ಲವೋ, ಅತ್ತೆಯಾಯಿತು. ನಡುನೀರಿನಲ್ಲಿ ‘ಟಕ್’ ಎನ್ನುವುದು, ಇಂಜಿನ್ನು ಓಡುತ್ತಲೇ ಇರುವುದು, ದೋಣಿ ಮಾತ್ರ ನಿಂತುಬಿಡುವುದು. ನೀರೊಳಗೆ ತಿರುಗುವ ರೆಕ್ಕೆಗೆ ನಮ್ಮವರು ಪಂಖಾ ಅನ್ನುತ್ತಿದ್ದರು. ಆ ಪಂಖಾವನ್ನು ಅಚ್ಚಿಗೆ ಹಿಡಿದಿಡುವ ಕಿರುಬೆರಳುದ್ದದ ಒಂದು ಪಿನ್ನು ಇರುತ್ತದೆ. ಮುರಿಯುತ್ತಿದ್ದುದು ಅದು. ಮಾಮಾ ಹುಟ್ಟು ಹಾಕುತ್ತ ದಂಡೆ ಮುಟ್ಟಿಸುವಷ್ಟರಲ್ಲಿ ಹೆಂಗಸರ ಕೂಲಿಯ ಹೊತ್ತು ಮೀರಿರುತ್ತಿತ್ತು, ನನ್ನ ಸಾಲೆಯ ಗಂಟೆ ಬಾರಿಸಿ ಆಗಿರುತ್ತಿತ್ತು.

ದಿನವೂ ಉಳ್ಳಾಗಡ್ಡಿ ಕೀಳುವ ಕೆಲಸಕ್ಕೆ ದಾಟುತ್ತಿದ್ದ ನೀಲವ್ವನ ಬಾಯಿಗೆ ಲಗಾಮಿರಲಿಲ್ಲ. “ಯಣ್ಣಾ, ಇದು ದೋಣಿ ಅಲ್ಲ ಬಿಡು, ನಿನ್ನ ಬಡಕಲ ಎತ್ತು. ನಡುಹೊಲದಾಗ ಮಲಗೂದು ಇದಕ್ಕ ರೂಢಿ ಆಗೇತಿ.”

ನಗೆಯ ಮಾತು ದೂರಿನ ಮಾತಾಗಲು ಹೊತ್ತು ಹಿಡಿಯಲಿಲ್ಲ. ಪಂಚಾಯಿತಿಯವರು ಮಾಮಾನನ್ನು ಕರೆಸಿ, ಇನ್ನೊಮ್ಮೆ ಮಂದಿಯನ್ನು ನಡುನೀರಿನಲ್ಲಿ ನಿಲ್ಲಿಸಿದ ಸುದ್ದಿ ಬಂದರೆ ಪರವಾನಗಿಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದರು. ಬೇರೆಯವರು ಎಂದರೆ ದೊಡ್ಡ ದೋಣಿ ಇಟ್ಟುಕೊಂಡು ಕಾದು ಕುಳಿತಿದ್ದ ಒಬ್ಬ ಗುತ್ತಿಗೆದಾರ. ಮಾಮಾ ಮನೆಗೆ ಬಂದು ಅವ್ವನ ಮುಂದೆ ಕುಳಿತು, ತಾಟಿನಲ್ಲಿದ್ದ ರೊಟ್ಟಿ ಮುರಿಯದೆ, “ಹೊಲಾ ನೀರ ತಗೊಂಡತು. ಈಗ ನೀರ ಪಂಚಾಯ್ತಿ ತಗೋತೈತಿ” ಎಂದ.

ಇಲ್ಲಿ ನನ್ನ ಪ್ರವೇಶವಾಯಿತು. ಹೊಸದಾಗಿ ನೌಕರಿ ಹಿಡಿದ ಮಾಸ್ತರನಿಗೆ ಇರುವ ಧಿಮಾಕು ನಿಮಗೆ ಗೊತ್ತಲ್ಲ. ಇಂಜಿನ್ನನ್ನು ಅದರ ಕಂಪನಿಯವರಿಗೇ ತೋರಿಸಬೇಕು, ಊರಿನ ಕೈಗಳಲ್ಲಿ ಕೊಡಬಾರದು ಎಂದು ಭಾಷಣ ಮಾಡಿದೆ. ಸಮುದ್ರದ ದಂಡೆಯ ಊರಿನಲ್ಲಿದ್ದ ಒಂದು ಸರ್ವಿಸ್ ಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಎರಡು ಪುಟ ಪತ್ರ ಬರೆದೆ. ಅದರಲ್ಲಿ ಇಂಜಿನ್ನಿನ ಕಾಯಿಲೆಗಿಂತ ನನ್ನ ಇಂಗ್ಲಿಷೇ ಹೆಚ್ಚಾಗಿ ಇತ್ತು. ಇಂಜಿನ್ನು ತನ್ನಿ ಎಂದರು. ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹೇರಿದೆವು. ಕಂಡಕ್ಟರು ಅದರ ಕಾಲನ್ನೂ ತಲೆಯನ್ನೂ ನೋಡಿ, “ಇದಕ್ಕ ಅರ್ಧಾ ತಿಕೀಟ ಕೊಡಲ್ಯೋ, ಪೂರಾ ಕೊಡಲ್ಯೋ? ವಯಸ್ಸೆಷ್ಟ್ರಿ ಇದರದು?” ಎಂದು ಇಡೀ ಬಸ್ಸನ್ನು ನಗಿಸಿದ.

ಅಲ್ಲಿನ ಉಪಚಾರಕ್ಕೆ ಕುಂದು ಹೇಳುವಂತಿಲ್ಲ. ಗಾಜಿನ ಕೋಣೆ, ತಣ್ಣನೆ ಗಾಳಿ, ಕಾಫಿ. ಇಂಜಿನ್ನನ್ನು ಒಳಗೆ ಒಯ್ದರು, ನಾವು ಹೊರಗೆ ಕುಳಿತೆವು. ಸಂಜೆಗೆ ಹೊಸ ಪಿನ್ನು ಹಾಕಿ, ಒರೆಸಿ ಮಿಂಚುವ ಹಾಗೆ ಮಾಡಿ, ‘ಇಂಜಿನ್ನಿನಲ್ಲಿ ದೋಷವಿಲ್ಲ’ ಎಂದು ಬರೆದು ಕೊಟ್ಟರು. ಆ ಮಾತು ಖರೆಯೇ ಆಗಿತ್ತು ಎಂದು ಆಮೇಲೆ ತಿಳಿಯಿತು. ಆದರೆ ಮೂರನೆಯ ದಿನ, ಪುಣ್ಯಕ್ಕೆ ದೋಣಿಯಲ್ಲಿ ನಾನೂ ಮಾಮಾನೂ ಇಬ್ಬರೇ ಇದ್ದಾಗ, ಮತ್ತೆ ಟಕ್.

ಮಾಮಾ ಆ ಹೊತ್ತಿಗೆ ಹಟಕ್ಕೆ ಬಿದ್ದಿದ್ದ. “ಮುರಿಯೂದಲ್ಲಾ? ಮುರಿ ನೋಡೂಣು” ಎಂದವನೇ ಎತ್ತಿನ ಬಂಡಿಯ ಉಕ್ಕಿನ ಮೊಳೆಯೊಂದನ್ನು ಅಳತೆಗೆ ಕೊಯ್ದು ಪಿನ್ನಿನ ಜಾಗದಲ್ಲಿ ಬಡಿದ. ಒಕ್ಕಲುತನದ ಮನುಷ್ಯ, ಮುರಿದದ್ದರ ಬದಲಿಗೆ ಮುರಿಯದ್ದನ್ನು ಹಾಕಬೇಕು ಎಂಬುದು ಅವನಿಗೆ ಗೊತ್ತಿದ್ದ ಸರ್ವಿಸ್. ಶಾಣ್ಯಾ ಎಂದು ನಾನೂ ಬೆನ್ನು ತಟ್ಟಿದೆ. ಮೊಳೆ ಮುರಿಯಲಿಲ್ಲ. ಎರಡೇ ದಿನದಲ್ಲಿ ಒಳಗಿನ ಹಲ್ಲುಚಕ್ರ ಮುರಿಯಿತು. ದಂಡೆ ಬಿಡುವ ಮೊದಲೇ ಮುರಿದದ್ದರಿಂದ ಪಂಚಾಯಿತಿಗೆ ಸುದ್ದಿ ಹೋಗಲಿಲ್ಲ, ಅಷ್ಟೆ.

ಆಗ ಅವ್ವ ನಮ್ಮಿಬ್ಬರನ್ನೂ ಬೈದು ಹೇಳಿದಳು: “ಕಮತಗಿ ಮೌಲಾಸಾಬ ಮಿಸ್ತ್ರಿ ಕಡೆ ಒಯ್ರಿ. ನಿಮ್ಮಪ್ಪನ ಪಂಪಸೆಟ್ಟ ಹತ್ತು ವರ್ಷ ಓಡಿಸಿದಾಂವ.”

ಮೌಲಾಸಾಬರ ವರ್ಕ್‌ಶಾಪು ಎಂದರೆ ರಸ್ತೆಯ ಬದಿಯ ಒಂದು ಬೇವಿನ ಮರ, ಅದರ ಕೆಳಗೆ ಒಂದು ತಗಡಿನ ಚಪ್ಪರ. ಪಂಪಸೆಟ್ಟು, ಔಷಧ ಹೊಡೆಯುವ ಯಂತ್ರ, ರಾಶಿ ಮಾಡುವ ಯಂತ್ರ, ಎಲ್ಲಕ್ಕೂ ಅವರೇ ಡಾಕ್ಟರು. ಅವರ ಒಂದು ಪದ್ಧತಿಯಿತ್ತು. ಇಂಜಿನ್ನು ತಂದವನ ಜೊತೆ ಕುಳಿತು ಚಹಾ ಕುಡಿಯುವವರೆಗೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತಿರಲಿಲ್ಲ. ನಾನು ಪಿನ್ನು, ಹಲ್ಲುಚಕ್ರ ಎಂದು ವಿವರಿಸಲು ಹೋದರೆ ಕೈ ಅಡ್ಡ ಮಾಡಿದರು.

“ಮಾಸ್ತರ್ರ, ರೋಗದ ಹೆಸರ ನೀವು ಹೇಳಬ್ಯಾಡ್ರಿ. ಅದು ಏನ ಮಾಡತೈತಿ ಅಷ್ಟ ಹೇಳ್ರಿ. ಸಂಗಣ್ಣಾ, ನೀ ಹೇಳು. ತುಂಬಿದ ನೀರಾಗ ಮುರೀತೈತೋ, ಇಳದ ನೀರಾಗೋ?”

“ಇಳದ ನೀರಾಗ.”

“ಹೋಗೂ ಮುಂದೋ, ಬರೂ ಮುಂದೋ?”

“ಎರಡೂ ಸಲ.”

“ಹೊಳ್ಯಾಗ ಎಲ್ಲಿ?”

ಮಾಮಾ ತಡವರಿಸಿದ. “ನಡಕ.”

“ನಡಕ ಅಂದ್ರ ಎಷ್ಟ ದೊಡ್ಡದ ಐತಪಾ ಅದು” ಎಂದು ಮೌಲಾಸಾಬರು ಎದ್ದರು. ಮೊಳೆಯನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ಪಿನ್ನ ಯಾಕ ಮೆತ್ತಗ ಮಾಡಿರ್ತಾರ ಗೊತ್ತೇನ? ಪಂಖಾಕ್ಕ ಪೆಟ್ಟ ಬಿದ್ರ ತಾ ಮುರದು ಒಳಗಿನ ಜೀವಾ ಉಳಸ್ಲಿ ಅಂತ. ನೀ ಅದರ ಜಾಗಾದಾಗ ಪೈಲವಾನನ್ನ ನಿಲ್ಲಿಸಿದಿ.” ನನ್ನ ಕಡೆ ತಿರುಗಿ, “ಸಾಲಿ ಕಲ್ತಾವ್ರು ಬಾಜೂಕ ಇದ್ರಿ?” ಎಂದರು. ನಾನು ಚಹಾದ ಖಾಲಿ ಕಪ್ಪಿನಲ್ಲಿ ಏನೋ ಹುಡುಕಿದೆ.

ಇಳಕಲ್ಲಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳಿಗೆ ಹಲ್ಲುಚಕ್ರ ಮಾಡುವ ಲೇಥಿನವರಿಂದ ಅವರು ಹೊಸ ಚಕ್ರ ಕಡೆಸಿ ತಂದರು. ಹಿತ್ತಾಳೆಯ ಸರಳಿನಿಂದ ಹತ್ತು ಪಿನ್ನು ಕೊಯ್ದರು. ನೀರು ತುಂಬಿದ ಡ್ರಮ್ಮಿನಲ್ಲಿ ಇಂಜಿನ್ನಿನ ಕಾಲು ಇಳಿಸಿ ಒಂದು ತಾಸು ಓಡಿಸಿದರು. ಅದು ಒಂದೇ ರಾಗದಲ್ಲಿ ಹಾಡಿತು. ಮಾಮಾ ಇಂಜಿನ್ನು ಎತ್ತಿಕೊಳ್ಳಲು ಹೋದರೆ, “ತಡಿ, ರಿಪೇರಿ ಮುಗದಿಲ್ಲ. ಡ್ರಮ್ಮಿನಾಗ ಯಾವ ಊರೂ ಮುಳಗಿಲ್ಲ. ನಾ ದೋಣ್ಯಾಗ ಕುಂದ್ರಬೇಕು” ಎಂದರು. ಅವರಿಗೆ ಈಜು ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ದೋಣಿ ತುಂಬ ಜನ. ಇವತ್ತು ನಿಂತರೆ ಪರವಾನಗಿ ಹೋಯಿತು ಎಂದು ಎಲ್ಲರಿಗೂ ಗೊತ್ತು. ಮೌಲಾಸಾಬರು ಮುಂದಿನ ಮೂಲೆಯಲ್ಲಿ ಎರಡೂ ಕೈಯಿಂದ ತಗಡು ಹಿಡಿದು ಕುಳಿತಿದ್ದರು. ದೋಣಿ ಹೊರಟಿತು. ಸ್ವಲ್ಪ ಹೋದದ್ದೇ ಎಡಕ್ಕೆ ಹೊರಳಿತು. ಮತ್ತೆ ಸ್ವಲ್ಪ ಹೋಗಿ ಬಲಕ್ಕೆ. ಮೌಲಾಸಾಬರು ಕತ್ತು ಹೊರಳಿಸಿ ಕೇಳಿದರು.

“ಸಂಗಣ್ಣಾ, ಆಚೀ ದಂಡಿ ಇಲ್ಲೇ ಎದುರಿಗೆ ಕಾಣಾಕತ್ತೈತಿ. ನೀ ಎಲ್ಲಿ ಹೊಂಟೀ?”

“ಅಲ್ಲಿಗೇ.”

“ಮತ್ತ ಹಿಂಗ್ಯಾಕ ಸೊಟ್ಟ?”

“ಇಲ್ಲಿ ದಾರಿ ಹೊಳ್ಳತೈತಿ” ಎಂದ ಮಾಮಾ.

ಮೌಲಾಸಾಬರು ನೀರು ನೋಡಿದರು. ಸುತ್ತಲೂ ಬರೀ ನೀರು. ನಂತರ ನಮ್ಮ ಮುಖಗಳನ್ನು ನೋಡಿದರು. ನಮ್ಮಲ್ಲಿ ಯಾರಿಗೂ ಮಾಮಾನ ಮಾತು ವಿಚಿತ್ರ ಅನಿಸಿರಲಿಲ್ಲ. ನೀಲವ್ವನಿಗಂತೂ ಮಿಸ್ತ್ರಿಯೇ ತಿಳಿಗೇಡಿಯಾಗಿ ಕಂಡರು. “ಅಗಸಿ ದಾಟಿದ ಮ್ಯಾಲ ಹೊಳ್ಳೂದರಿ ಸಾಬ್ರ. ಇಲ್ಲಾಂದ್ರ ಗುಡಿ ಒಳಗ ದೋಣಿ ನುಗ್ಗಸ್ತಾರೇನು?”

ನನಗೂ ಆಗಲೇ ಹೊಳೆದದ್ದು. ಅಷ್ಟು ತಿಂಗಳು ದಿನವೂ ದಾಟಿದ್ದೆ. ಇದು ಊರ ಅಗಸಿಬಾಗಿಲು, ಇದು ಗುಡಿಯ ಕಟ್ಟೆ, ಇದು ಬಂಡಿದಾರಿ ಎಂದು ಲೆಕ್ಕ ಹಾಕುತ್ತ ಬಂದವನು ನಾನೂ ಹೌದು. ಮಾಮಾ ನೀರಿನ ಮೇಲೆ ದೋಣಿ ನಡೆಸುತ್ತಿರಲಿಲ್ಲ. ಹಳೆಯ ಊರಿನ ದಾರಿಯಲ್ಲಿ ಬಂಡಿ ಹೊಡೆಯುತ್ತಿದ್ದ. ನಾವೆಲ್ಲ ಬಂಡಿಯಲ್ಲಿ ಕುಳಿತಿದ್ದೆವು.

ಆಗಲೇ ಟಕ್.

ಮಾಮಾನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಮೌಲಾಸಾಬರು ಮಾತ್ರ ಅಂಗಿಯ ಕಿಸೆಯಿಂದ ಹಿತ್ತಾಳೆಯ ಪಿನ್ನು ತೆಗೆದು, ಕುಳಿತಲ್ಲಿಂದಲೇ ಅಂಬೆಗಾಲಿನಲ್ಲಿ ಹಿಂದಕ್ಕೆ ಬಂದು, ಇಂಜಿನ್ನನ್ನು ಮೇಲಕ್ಕೆತ್ತಿದರು.

“ಇಲ್ಲಿ ಏನಿತ್ತು?”

“ಗೌಡರ ತ್ವಾಟದ ಬೇಲಿ.”

“ಮುಳ್ಳತಂತಿದು?”

“ಹೂಂ.”

“ಪಂಖಾ ಒಯ್ದು ಗೌಡರ ಬೇಲಿಗೆ ಕೊಟ್ಟು, ಇಂಜಿನ್ನಿಗೆ ಬೈತೀಯಲ್ಲಪಾ” ಎಂದು ಪಿನ್ನು ಕೂಡಿಸಿದರು. ಕೈ ಕೆಲಸ ಮಾಡುತ್ತಲೇ ಇತ್ತು. “ನೆಟ್ಟನ್ನ ದಾರಿ ಹಿಡದ್ರ ಆಳ ಐತಿ, ಏನೂ ತಾಗೂದಿಲ್ಲ. ನೆಟ್ಟಗ ಹೊಡಿಯಾಕ ನಿನಗೇನ ಆಗತೈತಿ?”

ಮಾಮಾ ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದ. “ನೆಟ್ಟಗ ಹೋದ್ರ ನಮ್ಮ ಕೆಳಗಿನ ಹೊಲಾ ಬರತೈತಿ. ಅಲ್ಲಿ ನನ್ನ ಹೇಣತಿನ್ನ ಮಣ್ಣ ಮಾಡೇವಿ. ಆಕಿ ಮ್ಯಾಲ ಹ್ಯಾಂಗ ಹಾಯಲಿ, ಮಿಸ್ತ್ರಿ?”

ನಮ್ಮತ್ತಿ ತೀರಿಕೊಂಡದ್ದು ನೀರು ಬರುವ ಹಿಂದಿನ ವರ್ಷ. ನಮ್ಮಲ್ಲಿ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ. ಊರು ಸ್ಥಳಾಂತರವಾದಾಗ ಬಾಗಿಲು, ತೊಲೆ, ದೇವರ ಮೂರ್ತಿ ಎಲ್ಲ ತಂದೆವು. ಅತ್ತಿಯನ್ನು ತರಲಾಗಲಿಲ್ಲ.

ಮೌಲಾಸಾಬರು ನಟ್ಟು ಬಿಗಿದು ಇಂಜಿನ್ನು ಇಳಿಸಿ, “ಹೊಡಿ. ನಿನ್ನ ದಾರ್‍ಯಾಗ ಹೊಡಿ. ಬೇಲಿ ಮುಗಿಯೂತನಾ ಮಷೀನ ಎತ್ತಿ ಹುಟ್ಟ ಹಾಕು” ಎಂದರು. ಅಂದು ಸಾಲೆಯ ಗಂಟೆಗೆ ಮೊದಲೇ ನಾನು ಆಚೆ ದಂಡೆಯಲ್ಲಿದ್ದೆ. ಸಂಜೆ ಪಂಚಾಯಿತಿಯವರೊಬ್ಬರು ದಂಡೆಗೆ ಬಂದು, ದೋಣಿ ನಿಂತಿತ್ತಂತಲ್ಲ ಎಂದು ವಿಚಾರಿಸಿದಾಗ ನೀಲವ್ವ ಸೊಂಟಕ್ಕೆ ಕೈಯಿಟ್ಟು ಹೇಳಿದಳು: “ನಿಂತಿತ್ರಿ. ಚಪ್ಪಲಿ ಉಂಗುಷ್ಟ ಹರದ್ರ ನೀವೂ ನಿಂದರ್ತೀರಿ. ಹೊಲಕ್ಕ ಹೊತ್ತಿಗೆ ಮುಟ್ಟಿಸ್ಯಾನಿಲ್ಲೋ, ಅದನ್ನ ಬರ್ಕೋರಿ.” ಅವರು ಏನು ಬರೆದುಕೊಂಡರೋ ತಿಳಿಯದು. ಪರವಾನಗಿ ಉಳಿಯಿತು.

ಬೇಸಿಗೆಯಲ್ಲಿ ನೀರು ಸರಿದು ಹಳೆಯ ದಾರಿ ಕೆಸರಾಗಿ ಮೇಲೆದ್ದಾಗ, ಯಾರೂ ಕರೆಯದೆ ಮೌಲಾಸಾಬರು ತಂತಿ ಕತ್ತರಿಸುವ ದೊಡ್ಡ ಇಕ್ಕಳ ಹಿಡಿದು ಬಂದರು. ಅವರು, ಮಾಮಾ, ನಾನು ಮೂವರೂ ಅಗಸಿಯಿಂದ ಶುರುಮಾಡಿ ಗೌಡರ ತೋಟದವರೆಗೆ ನಡೆದೆವು. ತುಕ್ಕು ಹಿಡಿದ ತಂತಿ ಕತ್ತರಿಸಿದೆವು, ಕಲ್ಲಿನ ಕಂಬ ಕೆಡವಿದೆವು, ಜಾಲಿಯ ಬೊಡ್ಡೆ ಕಡಿದೆವು. ಮಾಮಾ ಎರಡು ಸಲ ಕೆಳಗಿನ ಹೊಲದ ಕಡೆ ಒಬ್ಬನೇ ಹೋಗಿ ಬಂದ. ನಾವು ನೋಡದವರ ಹಾಗೆ ತಂತಿ ಸುತ್ತುತ್ತಿದ್ದೆವು. ಇಂಜಿನ್ನು ಬಿಟ್ಟು ಹಾದಿಗೆ ರಿಪೇರಿ ಮಾಡಿದ ಮಿಸ್ತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಂದೆ ಸೇತುವೆ ಬಂದು ದೋಣಿಯ ಕೆಲಸ ತಾನಾಗಿ ಮುಗಿಯುವವರೆಗೂ ಮಾಮಾನ ಕೈಯಲ್ಲಿ ಒಂದು ಪಿನ್ನೂ ಮುರಿಯಲಿಲ್ಲ. ಈಗ ಅವನೂ ಇಲ್ಲ, ಮೌಲಾಸಾಬರೂ ಇಲ್ಲ.

ಹೋದ ತಿಂಗಳು ನಮ್ಮನ್ನು ಕೂರಿಸಿಕೊಂಡ ದೋಣಿಯವನು ನಲವತ್ತರ ಆಸುಪಾಸಿನವನು, ಪರಸ್ಥಳದವನು. ನೀರು ಸಾಕಷ್ಟು ಇಳಿದಿತ್ತು. ಅವನು ಜೋರಾಗಿ ನೆಟ್ಟಗೆ ಹೊಡೆದ. ಆಚೆ ದಂಡೆಯ ಸಾಲೆಯ ಹಂಚು ಕಾಣತೊಡಗಿದ್ದೇ ತಡ, ನನ್ನ ಬಾಯಿಂದ ಮಾತು ಹೊರಬಿತ್ತು. “ತಮ್ಮಾ, ಒಂಚೂರು ಎಡಕ್ಕ ತಗೋ.”

“ಯಾಕ್ರೀ ಅಜ್ಜಾರ? ಇಲ್ಲಿ ಛಲೋ ಆಳ ಐತಿ” ಎಂದು ನಕ್ಕ. “ಈ ಕಡಿ ಹಳೇ ಮಂದಿ ಹತ್ತಿದ್ರಂದ್ರ ಇದಽ ಆತು ನೋಡ್ರಿ. ಒಬ್ಬರು ಎಡಕ್ಕ ಅಂತಾರ, ಒಬ್ಬರು ನಿಂದರಸು ಅಂತಾರ. ಏನ ಐತ್ರಿ ಇಲ್ಲಿ?”

ಬೀಗರು ನನ್ನನ್ನೇ ನೋಡುತ್ತಿದ್ದರು. “ನಮ್ಮತ್ತಿ ಅದಾಳ” ಎಂದೆ.

ಅವನ ನಗು ಇಳಿಯಿತು. ಇಂಜಿನ್ನಿನ ಸದ್ದು ತಗ್ಗಿಸಿದ, ದೋಣಿಯನ್ನು ಎಡಕ್ಕೆ ಹೊರಳಿಸಿದ. ಗೌಡರ ತೋಟದ ಮೇಲೆ ನಿಧಾನವಾಗಿ ಹಾದೆವು. ನಾನು ತಗಡಿನ ಅಂಚು ಗಟ್ಟಿಯಾಗಿ ಹಿಡಿದು ಕಿವಿಗೊಟ್ಟು ಕುಳಿತಿದ್ದೆ. ಪಂಖಾಕ್ಕೆ ಏನೂ ತಾಗಲಿಲ್ಲ.