ಹದಿನಾಲ್ಕನೇ ಥ್ರೆಡ್ ಯಾರದು?

ಕೊರೋನಾ ಬರುವ ಹಿಂದಿನ ವರ್ಷ. ಹೆಬ್ಬಾಳದ ಮೇಲ್ಸೇತುವೆ ದಾಟಿದರೆ ಸಿಗುವ ಒಂದು ಕಂಪನಿಯಲ್ಲಿ ನಾನು ಟೂಲ್ಸ್ ವಿಭಾಗದ ಮುಖ್ಯಸ್ಥೆ. ಕಂಪನಿ ಆಸ್ಪತ್ರೆಯ ಉಪಕರಣಗಳನ್ನು ತಯಾರಿಸುತ್ತಿತ್ತು. ಅವುಗಳೊಳಗಿನ ಸಾಫ್ಟ್‌ವೇರ್ ಪರೀಕ್ಷಿಸಲು ಬೇಕಾದ ಡೀಬಗರ್ ನಮ್ಮ ಆರು ಜನರ ಜವಾಬ್ದಾರಿ. ಡೀಬಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಒಳಗೇನು ನಡೆಯುತ್ತಿದೆ ಎಂದು ನೋಡುವ ಸಾಧನ. ಇಷ್ಟನ್ನು ಮನೆಯವರಿಗೆ ಅರ್ಥ ಮಾಡಿಸುವುದಕ್ಕೇ ನನಗೆ ಹತ್ತು ವರ್ಷ ಹಿಡಿದಿತ್ತು.

ಒಂದು ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಅಂಥ ಒಂದೊಂದು ಕೆಲಸದ ಎಳೆಯನ್ನೂ ಥ್ರೆಡ್ ಎನ್ನುತ್ತೇವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಮ್ಮ ಡೀಬಗರಿಗೆ ಪೈಥಾನ್ ಭಾಷೆಯಲ್ಲಿ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆಯಬಹುದಿತ್ತು. ಸ್ಕ್ರಿಪ್ಟ್ ಕೇಳಿದಾಗ ಡೀಬಗರ್ ಒಂದು ಥ್ರೆಡ್ಡಿನ ಪರವಾಗಿ ಒಂದು ಆಬ್ಜೆಕ್ಟ್, ಅಂದರೆ ಅದರ ವಿವರಗಳ ಪೊಟ್ಟಣ, ಕೊಡುತ್ತಿತ್ತು. ನಾವು ಅದರಲ್ಲಿಟ್ಟ ವಿವರಗಳನ್ನು ಓದಬಹುದು. ಬಳಸುವವರು ತಮ್ಮದೇನನ್ನೂ ಸೇರಿಸುವಂತಿರಲಿಲ್ಲ.

ಟೆಸ್ಟಿಂಗ್ ತಂಡದ ಶಬಾನಾ, ಆರ್.ಟಿ. ನಗರದ ಹುಡುಗಿ, ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದೇ ನನ್ನ ಟೇಬಲ್ಲಿಗೆ ಬಂದಳು.

“ಮೇಡಂ, ಥ್ರೆಡ್ ಆಬ್ಜೆಕ್ಟ್ ಮೇಲೆ ನಮ್ಮದೇ ಅಟ್ರಿಬ್ಯೂಟ್, ಒಂದೆರಡು ವಿವರ, ಬರೆಯೋಕೆ ಬಿಡಿ. ಇದು ಯಾರ ಕೋಡು, ಯಾವಾಗ ಶುರುವಾಯ್ತು, ಅಷ್ಟೇ.”

ಸಂಖ್ಯೆ ಇದೆಯಲ್ಲ, ಪಕ್ಕದಲ್ಲಿ ಒಂದು ಪಟ್ಟಿ ಮಾಡಿಟ್ಟುಕೋ ಎಂದೆ. ಅವಳು ಡಬ್ಬಿಯ ಮುಚ್ಚಳ ತೋರಿಸಿದಳು. ಅದರ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ತಾಯಿಯ ಹೆಸರು ಕೊರೆದಿತ್ತು.

“ನಮ್ಮ ಅಮ್ಮಿ ಪಾತ್ರೆ ಮೇಲೇ ಹೆಸರು ಹಾಕಿಸ್ತಾರೆ, ಪಟ್ಟಿ ಇಟ್ಕೊಳಲ್ಲ. ಮದುವೆ ಮನೇಲಿ ನಮ್ಮ ಪಾತ್ರೆ ಯಾರ ಮನೆ ಸೇರಿದ್ರೂ ವಾಪಸ್ ಬರುತ್ತೆ ಮೇಡಂ.”

ನಕ್ಕು ಕಳಿಸಿಬಿಟ್ಟೆ. ನಿಜ ಹೇಳಬೇಕೆಂದರೆ ಅವಳು ಕೇಳಿದ್ದು ಸಣ್ಣ ಕೆಲಸವಾಗಿರಲಿಲ್ಲ. ಕೇಳಿದಾಗಲೆಲ್ಲ ನಾವು ಹೊಸ ಆಬ್ಜೆಕ್ಟ್ ಮಾಡಿಕೊಟ್ಟು, ಬಳಸಿದ ಮೇಲೆ ಎಸೆದುಬಿಡುತ್ತಿದ್ದೆವು. ಊಟದ ಬಾಳೆಲೆಯ ಮೇಲೆ ಹೆಸರು ಕೊರೆಸಿದರೆ ಎಷ್ಟು ಹೊತ್ತು ಉಳಿದೀತು? ಬರೆದದ್ದು ಉಳಿಯಬೇಕಾದರೆ ಥ್ರೆಡ್ ಮುಗಿಯುವ ತನಕ ಅದೇ ಆಬ್ಜೆಕ್ಟನ್ನು ಕಾಪಾಡಬೇಕು. ಮೂರು ವಾರದ ಕೆಲಸ. ಕೋರಿಕೆಯ ಕೆಳಗೆ ‘ಅಗತ್ಯವಿಲ್ಲ’ ಎಂದು ಬರೆದು ಮುಚ್ಚಿದೆ. ಆ ದಿನಗಳಲ್ಲಿ ಹಾಗೆ ಬರೆಯುವುದರಲ್ಲಿ ನನಗೆ ಒಂದಿಷ್ಟು ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ.

ಎರಡು ತಿಂಗಳ ನಂತರ ಹೊಸ ಇನ್ಫ್ಯೂಷನ್ ಪಂಪ್ ಪರೀಕ್ಷೆಗೆ ಬಂತು. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ಅಳೆದು ಬಿಡುವ ಯಂತ್ರ ಅದು. ಪ್ರಯೋಗಾಲಯದಲ್ಲಿ ಮೂರು ಗಂಟೆ ಸರಿಯಾಗಿ ಓಡಿ ಸ್ತಬ್ಧವಾಯಿತು. ಅಲಾರಂ ಕೂಡ ಹೊಡೆಯಲಿಲ್ಲ. ಶಬಾನಾಳ ಸ್ಕ್ರಿಪ್ಟ್ ಅವಳ ಪಟ್ಟಿ ನೋಡಿ ತಕ್ಷಣ ವರದಿ ಕೊಟ್ಟಿತು: ಸಿಕ್ಕಿಹಾಕಿಕೊಂಡದ್ದು ಹದಿನಾಲ್ಕನೇ ಥ್ರೆಡ್, ಕೋಡ್ ಬರೆದವರು ಮುನಿರಾಜು.

ಮುನಿರಾಜು ಬಾಗಲೂರಿನವನು. ಡಿಪ್ಲೊಮಾ ಓದಿ, ವರ್ಷದ ಕಾಂಟ್ರಾಕ್ಟಿನ ಮೇಲೆ ಪಂಪ್ ವಿಭಾಗ ಸೇರಿದ್ದ. ವರದಿ ಎಲ್ಲರ ಮೇಲ್‌ಗೂ ಹೋಯಿತು. ಆ ಶುಕ್ರವಾರ ಅವನ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮುಂದುವರಿಸುವುದು ಬೇಡ ಎಂದು ಅವನ ಮ್ಯಾನೇಜರ್ ತೀರ್ಮಾನಿಸಿದರು. ರೋಗಿಯ ಜೀವಕ್ಕೆ ಅಪಾಯ ತರುವ ಕೋಡ್ ಬರೆದವನು ಎಂಬ ಹೆಸರು ಹೊತ್ತು ಹೋದವನಿಗೆ ಈ ಕ್ಷೇತ್ರದಲ್ಲಿ ಬೇರೆ ಯಾರೂ ಕೆಲಸ ಕೊಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಶಬಾನಾ ಅವನ ತೋಳು ಹಿಡಿದು ಎಳೆದುಕೊಂಡೇ ಬಂದಳು. ಅವನ ಕೈಯಲ್ಲಿ ವಾಪಸ್ ಕೊಡಬೇಕಾದ ಲ್ಯಾಪ್‌ಟಾಪ್ ಇತ್ತು.

“ಕ್ಯಾಂಟೀನಲ್ಲಿ ನನಗೇನು ಹೇಳಿದ್ರೋ ಅದನ್ನೇ ಮೇಡಂಗೂ ಹೇಳಿ ಮುನಿರಾಜು,” ಎಂದಳು.

ಅವನು ನೆಲ ನೋಡುತ್ತಲೇ ಹೇಳಿದ. “ನಾನು ಬರ್ದಿರೋದು ಪಂಪು ಆನ್ ಆದಾಗ ಮಾಡೋ ಚೆಕಿಂಗ್ ಅಷ್ಟೇ ಮೇಡಂ. ನಲವತ್ತು ಸೆಕೆಂಡಿಗೆ ಮುಗ್ದೋಗ್ತದೆ. ಮೂರು ಗಂಟೆ ಆದ್ಮೇಲೆ ನಿಂತಿದ್ದು ನಂದು ಎಂಗಾಯ್ತದೆ?”

ಮೂವರೂ ಕುಳಿತು ಪಂಪಿನ ಲಾಗ್, ಅದರ ಕ್ಷಣಕ್ಷಣದ ದಾಖಲೆ, ತೆಗೆದೆವು. ಅವನ ಥ್ರೆಡ್ ನಲವತ್ತನೇ ಸೆಕೆಂಡಿಗೆ ಮುಗಿದಿತ್ತು. ಹದಿನಾಲ್ಕು ಎಂಬ ಸಂಖ್ಯೆ ಖಾಲಿಯಾಗಿತ್ತು. ಪಂಪಿನ ವ್ಯವಸ್ಥೆ ಅದೇ ಸಂಖ್ಯೆಯನ್ನು ಆಮೇಲೆ ಹುಟ್ಟಿದ ಅಲಾರಂ ಥ್ರೆಡ್ಡಿಗೆ ಕೊಟ್ಟಿತ್ತು. ನಾನು ಇಟ್ಟುಕೋ ಎಂದಿದ್ದ ಪಕ್ಕದ ಪಟ್ಟಿಯಲ್ಲಿ ಮಾತ್ರ ಹದಿನಾಲ್ಕರ ಮುಂದೆ ಮುನಿರಾಜುವಿನ ಹೆಸರು ಹಾಗೇ ಕುಳಿತಿತ್ತು.

“ತಪ್ಪು ನನ್ನದು, ನಾನೇ ನೋಡ್ಬೇಕಿತ್ತು,” ಎಂದು ಶಬಾನಾ ಅಳತೊಡಗಿದಳು.

“ನಿನ್ನದಲ್ಲ ಕಣೇ, ಸುಮ್ನಿರು,” ಎಂದೆ. ಆಮೇಲೆ ಅವನನ್ನು ಕೇಳಿದೆ. “ನೀವ್ಯಾಕ್ರೀ ಇಷ್ಟು ದಿನ ಬಾಯಿ ಬಿಡಲಿಲ್ಲ?”

“ಮೆಶೀನೇ ನಂದು ತಪ್ಪು ಅಂತಂದ್ಮೇಲೆ ನಾನೇನ್ ಏಳ್ಲಿ ಮೇಡಂ?”

ಆ ಮೆಶೀನು ನಾನು.

ಹನ್ನೊಂದು ಗಂಟೆಗೆ ಅವನ ಮ್ಯಾನೇಜರ್ ಕೋಣೆಗೆ ಹೋದೆ. ಶಬಾನಾ ಕೇಳಿದ್ದನ್ನೂ ನಾನು ‘ಅಗತ್ಯವಿಲ್ಲ’ ಎಂದು ಬರೆದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ವರದಿ ಯಾರ್‍ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ನನ್ನ ಹೆಸರಿನಲ್ಲೇ ತಿದ್ದುಪಡಿ ಕಳಿಸಿದೆ. ಹತ್ತು ಸಾಲು ಬರೆಯಲು ಒಂದು ಗಂಟೆ ಬೇಕಾಯಿತು. ಸಂಜೆಯೊಳಗೆ ಮುನಿರಾಜುವಿನ ಕಾಂಟ್ರಾಕ್ಟ್ ಮುಂದುವರಿಯಿತು. ಅಲಾರಂ ಬರೆದಿದ್ದವರು ಕಾಯಂ ನೌಕರರು, ಹಿರಿಯರು. ಎರಡು ದಿನದಲ್ಲಿ ಸರಿಮಾಡಿಕೊಟ್ಟರು. ಅವರನ್ನು ಕಳಿಸಿಬಿಡುವ ಮಾತನ್ನು ಯಾರೂ ಎತ್ತಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಮೂರು ವಾರದ ಕೆಲಸ ಐದು ವಾರ ಹಿಡಿಯಿತು. ಒಂದು ಥ್ರೆಡ್ಡಿಗೆ ಒಂದೇ ಆಬ್ಜೆಕ್ಟ್, ಅದರ ಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಥ್ರೆಡ್ ಮುಗಿದರೆ ಬರೆದದ್ದೂ ಅದರ ಜೊತೆಗೇ ಹೋಗುತ್ತದೆ, ಅದೇ ಸಂಖ್ಯೆ ಪಡೆದ ಮುಂದಿನ ಥ್ರೆಡ್ಡಿಗೆ ಅಂಟಿಕೊಳ್ಳುವುದಿಲ್ಲ. ಈಗ ನಿವೃತ್ತಳಾಗಿ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವಾಗ ಯಾರಾದರೂ ಹೊಸಬರು ಸಲಹೆ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಯಂತ್ರ ಒಬ್ಬರ ಹೆಸರು ಹೇಳಿದರೆ, ಮೊದಲು ಆ ಮನುಷ್ಯನನ್ನು ಕೂರಿಸಿಕೊಂಡು ಕೇಳಿ.

ಹೊಸ ಆವೃತ್ತಿಯನ್ನು ಮೊದಲು ಓಡಿಸಿದ ದಿನ ಮುನಿರಾಜುವನ್ನೂ ಕರೆದಿದ್ದೆ. ಶಬಾನಾ ಪಂಪ್ ಆನ್ ಮಾಡಿದಳು. ಪರದೆಯ ಮೇಲೆ ಹದಿನಾಲ್ಕನೇ ಥ್ರೆಡ್ಡಿನ ಜೊತೆ ಅವನ ಹೆಸರು ಮೂಡಿತು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನಲವತ್ತು ಸೆಕೆಂಡಾಯಿತು.

“ಓಯ್ತು ಮೇಡಂ, ನನ್ನೆಸ್ರು ಓಯ್ತು!” ಎಂದು ಅವನು ಜೋರಾಗಿ ನಕ್ಕುಬಿಟ್ಟ. ಅವನು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.