ದ್ರಾಕ್ಷಿ ಗುಡ್ಡದಲ್ಲಿ ಕೇಳಿದ ಕೂ

ಇದನ್ನು ಕಟ್ಟುಕಥೆ ಅನ್ನುವವರು ಅಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ. ಭೂತ, ಗಾಳಿ ಎಂದು ಹೆದರಿಸಲು ಬಂದವರನ್ನು ಅಂಗಳದಲ್ಲೇ ಬೈದು ಕಳಿಸಿದ ಹೆಂಗಸು ನಾನು. ನಮ್ಮೂರು ಹುಲಗೋಳದಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಎರಡು ವರ್ಷದ ಹಿಂದೆ ಜರ್ಮನಿಯಲ್ಲಿ ನಡೆದದ್ದನ್ನು ಮಾತ್ರ ಮನೆಯವರ ಹತ್ತಿರವೂ ಬಾಯಿ ಬಿಟ್ಟಿಲ್ಲ...

ನಮ್ಮ ಮಹಿಳಾ ಸಂಘದ ಮುರುಗಲು ಹಣ್ಣಿನ ಶರಬತ್ತು, ಹಲಸಿನ ಹಪ್ಪಳ ಅಲ್ಲಿನ ಒಂದು ಆಹಾರ ಮೇಳಕ್ಕೆ ಆಯ್ಕೆಯಾಗಿದ್ದವು. ಸಂಘದ ಪರವಾಗಿ ಹೋದವರು ನಾನು ಮತ್ತು ಸಾವಿತ್ರಕ್ಕ. ಅವಳು ನನ್ನ ದೊಡ್ಡಮ್ಮನ ಮಗಳು, ಸಿದ್ದಾಪುರದ ಹತ್ತಿರದ ಮನ್ಮನೆಗೆ ಕೊಟ್ಟದ್ದು. ಅರವತ್ತು ದಾಟಿದೆ, ಮಂಡಿನೋವು, ಅದರ ಮೇಲೆ ಉಬ್ಬಸ.

ಮೇಳ ಮುಗಿದ ಮೇಲೆ ರೈನ್ ನದಿಯ ದಂಡೆಯ ಒಂದು ಹಳೆಯ ವೈನ್ ಊರಿನ ವಸತಿಗೃಹದಲ್ಲಿ ಮೇಳದವರು ನಮ್ಮನ್ನು ಎರಡು ದಿನ ಉಳಿಸಿದರು. ಕಿರಿದಾದ ಓಣಿ, ಮರದ ತೊಲೆ ಅಡ್ಡಡ್ಡ ಇಟ್ಟು ಕಟ್ಟಿದ ನೂರಾರು ವರ್ಷದ ಮನೆಗಳು, ಬಾಗಿಲ ಪಕ್ಕ ಹಿಂದೆ ನದಿಯ ನೆರೆನೀರು ಏರಿದ ಎತ್ತರ ತೋರಿಸಲು ಕೆತ್ತಿದ ಗೀಟುಗಳು. ಮನೆಮನೆಯ ಕೆಳಗೂ ನೆಲಮಾಳಿಗೆ, ಅದರೊಳಗೆ ಪೀಪಾಯಿಗಳಲ್ಲಿ ದ್ರಾಕ್ಷಿರಸ. ಕೊಯ್ಲಿನ ಕಾಲ ಬೇರೆ.

"ಎಂತ ವಾಸನೆಯೇ ಇದು, ಇಡೀ ಊರೇ ಹುಳಿ ಬಂದೋಜಲೆ!" ಎಂದು ಸಾವಿತ್ರಕ್ಕ ಸೆರಗು ಮೂಗಿಗೆ ಹಿಡಿದಳು. ವೈನ್ ಊರಿಗೆ ಹೋಗಿ ಬಿಸಿನೀರು ಕೇಳಿ ಕುಡಿದವರು ನಾವಿಬ್ಬರೇ ಇರಬೇಕು.

ಎರಡನೆಯ ದಿನ ಸಂಜೆ ದ್ರಾಕ್ಷಿ ಗುಡ್ಡ ಹತ್ತೋಣ ಎಂದು ಹಟ ಹಿಡಿದವಳು ನಾನು. ಅವಳು ಬೇಡವೆಂದಳು.

"ಮಂಡಿ ಕೇಳ್ತಿಲ್ಲೆ ತಂಗಿ."

"ಬಾರೇ ಅಕ್ಕಾ. ಈ ಜನ್ಮದಲ್ಲಿ ಮತ್ತೆ ಇಲ್ಲಿಗೆ ಬಪ್ಪಲಾಗ್ತಾ?"

ಪಾಪ, ನನ್ನ ಮಾತಿಗೆ ಬಂದಳು.

ಗುಡ್ಡ ಗೋಡೆಯ ಹಾಗೆ ಕಡಿದು. ನಾವು ಶಾಲೆಯಲ್ಲಿ ಬರೆಯುತ್ತಿದ್ದ ಪಾಟಿಯದೇ ಕಲ್ಲು ನೆಲದ ತುಂಬ, ಕಾಲಿಟ್ಟರೆ ಕಿಣಿಕಿಣಿ ಎನ್ನುತ್ತಿತ್ತು. ಆಳೆತ್ತರದ ಕಲ್ಲಿನ ಒಡ್ಡುಗಳ ಮೇಲೆ ಸಾಲುಸಾಲು ಬಳ್ಳಿ. ಅರ್ಧ ದಾರಿಯಲ್ಲಿ ಒಂದು ಕಲ್ಲುಬೆಂಚು ಸಿಕ್ಕಿತು.

"ಆನು ಇಲ್ಲೇ ಕೂತಿರ್ತೆ. ನೀ ಮೇಲೆ ಹೋಗಿ ನೋಡ್ಕಂಡು ಬಾ," ಎಂದಳು.

ನಾನು ತುದಿಯ ಹಾಳು ಕೋಟೆಯವರೆಗೆ ಹೋದೆ. ತಿರುಗಿ ನೋಡಿದರೆ ನದಿಯಿಂದ ಮಂಜು ಎದ್ದು ಊರನ್ನೇ ನುಂಗಿತ್ತು. ಓಡೋಡಿ ಇಳಿದೆ. ಬೆಂಚು ಸಿಕ್ಕಿತು... ಸಾವಿತ್ರಕ್ಕ ಇರಲಿಲ್ಲ.

ಕತ್ತಲಾಗುತ್ತಿತ್ತು. ನಮ್ಮ ಫೋನುಗಳಿಗೆ ವಸತಿಗೃಹದ ವೈಫೈ ಬಿಟ್ಟರೆ ಗತಿಯಿಲ್ಲ. ಆಗ ನಾನು ಮಾಡಿದ್ದು ನಮ್ಮ ಕಡೆಯವರು ಯಾರಾದರೂ ಮಾಡುವುದನ್ನೇ. ಕೈ ಬಾಯಿಗೆ ಹಿಡಿದು ಕೂ ಹಾಕಿದೆ.

"ಕೂ...!"

ನಮ್ಮಲ್ಲಿ ಕಾಡಿಗೆ ಹೋದವರು ತಪ್ಪಿಸಿಕೊಂಡರೆ ಹೀಗೇ ಹುಡುಕುವುದು. ಕೂ ಹಾಕಿದವರು ನಿಂತಲ್ಲೇ ನಿಲ್ಲಬೇಕು. ಕೇಳಿದವರು ಮರುಕೂ ಕೊಡುತ್ತ ದನಿಯ ಜಾಡು ಹಿಡಿದು ಬರಬೇಕು. ಒಬ್ಬೊಬ್ಬರ ಕೂ ಒಂದೊಂದು ನಮೂನೆ. ಸಾವಿತ್ರಕ್ಕನದು ಉಬ್ಬಸಕ್ಕೆ ನಡುವೆ ಒಡೆದು ಕೊನೆಗೆ ಮೇಲಕ್ಕೇರುತ್ತದೆ. ಸಾವಿರ ಜನರಲ್ಲಿ ಗುರುತಿಸುತ್ತೇನೆ.

ಮೇಲಿನಿಂದ ಮರುಕೂ ಬಂತು. ನಡುವೆ ಒಡೆದು, ಕೊನೆಗೆ ಮೇಲಕ್ಕೇರಿ... ಅವಳದೇ. ಸಮಾಧಾನವಾಗಿ ಮತ್ತೆ ಹಾಕಿದೆ. ಈ ಸಲ ಇನ್ನೂ ಹತ್ತಿರದಿಂದ ಬಂತು.

ಆಮೇಲೆ ಹೊಳೆಯಿತು. ಮೇಲಿನಿಂದ ಈಗಷ್ಟೇ ಇಳಿದವಳು ನಾನು. ಇರುವುದೊಂದೇ ದಾರಿ. ಮಂಡಿನೋವಿನ ಅಕ್ಕ ನನ್ನನ್ನು ದಾಟಿ ಮೇಲೆ ಹೋದದ್ದು ಯಾವಾಗ?

ಅಷ್ಟರಲ್ಲಿ ಕೆಳಗೆ, ತುಂಬ ದೂರದಲ್ಲಿ, ಇನ್ನೊಂದು ಕೂ. ಅದೂ ನಡುವೆ ಒಡೆದು, ಕೊನೆಗೆ ಮೇಲಕ್ಕೇರಿ...

ನಾನು ಕೂ ಹಾಕಿದರೆ ಅಕ್ಕನಿಗೆ ದಾರಿ ಸಿಗುತ್ತದೆ. ಆದರೆ ಮೇಲಿನದಕ್ಕೂ ಸಿಗುತ್ತದೆ!

ಮೇಲೆ ಪಾಟಿಕಲ್ಲು ಕಿಣಿಕಿಣಿ ಎಂದಿತು. ಒಂದೊಂದೇ ಹೆಜ್ಜೆ... ನನ್ನ ಹಿಂದಿನ ಬಳ್ಳಿಸಾಲಿನ ಆಚೆ ಬಂದು ನಿಂತಿತು. ನೆಲಮಾಳಿಗೆಯ ತಣ್ಣನೆಯ ಹುಳಿ ವಾಸನೆ ಕುತ್ತಿಗೆಗೆ ಬಡಿಯಿತು. ಉಬ್ಬಸದ ಉಸಿರು ಕೇಳಿಸುತ್ತಿತ್ತು, ಥೇಟು ಸಾವಿತ್ರಕ್ಕನದೇ. ತಿರುಗಿ ನೋಡಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಮುದುಡಿದೆ.

ಕೆಳಗಿನಿಂದ ಅಕ್ಕ ಮತ್ತೆ ಮತ್ತೆ ಕೂ ಹಾಕಿದಳು. ನಾನು ಓಗೊಡಲಿಲ್ಲ. ದೇವರೇ, ನಾನು ಓಗೊಡಲಿಲ್ಲ.

ಊಟಕ್ಕೆ ಬರಲಿಲ್ಲವೆಂದು ವಸತಿಗೃಹದ ಯಜಮಾನಿ ಜನ ಕರೆದುಕೊಂಡು ಟಾರ್ಚ್ ಹಿಡಿದು ಬಂದಾಗ ರಾತ್ರಿ ಹತ್ತರ ಮೇಲಾಗಿತ್ತು. ನನ್ನ ಹಿಂದಿನ ಬಳ್ಳಿಸಾಲಿನಲ್ಲಿ ಆಗ ಯಾರೂ ಇರಲಿಲ್ಲ. "ನಿಮ್ಮ ಭಾಷೆಯಲ್ಲಿ ಕರೆಯಿರಿ, ಅವರಿಗೆ ಧೈರ್ಯ ಬರುತ್ತದೆ," ಎಂದು ಯಜಮಾನಿ ಹರಕುಮುರುಕು ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದರೂ ನನ್ನ ಬಾಯಿ ತೆರೆಯಲಿಲ್ಲ. ಸುಮ್ಮನೆ ಅವರ ಹಿಂದೆ ಅಳುತ್ತ ನಡೆದೆ.

ಸಾವಿತ್ರಕ್ಕ ಸಿಕ್ಕಿದ್ದು ಬೆಳಗಿನ ಜಾವ, ಒಂದು ಒಡ್ಡಿನ ಬುಡದಲ್ಲಿ. ಬಿದ್ದು ಕಾಲು ಮುರಿದಿತ್ತು. ಪುಣ್ಯಕ್ಕೆ ಜೀವವಿತ್ತು.

ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವಳೇ ನನ್ನ ಕೈ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಚಳಿ ಆತು, ಊರಿಗೆ ಇಳಿವನ ಹೇಳಿ ಎದ್ದಿದ್ದೆ, ದಾರಿ ತಪ್ಪೋತು," ಎಂದಳು. "ನಿನ್ನ ಕೂ ಇಲ್ದೇ ಇದ್ರೆ ಆನು ಉಳೀತಿದ್ನಿಲ್ಲೆ ತಂಗಿ. ರಾತ್ರಿಯಿಡೀ ನೀ ಒಂದು ಗಳಿಗೆನೂ ಬಿಡದೇ ಹಾಕಿದೆ."

ನಾನು ತಲೆ ತಗ್ಗಿಸಿ ಅವಳ ಹೊದಿಕೆ ಸರಿಮಾಡತೊಡಗಿದೆ.

"ಕಡೆಗೆ ನೀನೇ ನನ್ನ ತಲೆ ಮೇಲಿನ ಒಡ್ಡಿನ ತುದಿಗೇ ಬಂದು ಕೂತೆ. ಮಂಜಲ್ಲಿ ಮುಖ ಕಂಡಿದ್ದಿಲ್ಲೆ. ಕೆಳಗೆ ಇಳಿದು ಬಾ ಅಂದ್ರೆ ಮಾತಾಡಿದ್ದೇ ಇಲ್ಲೆ, ಬರೀ ಕೂ. ಇರ್ಲಿ, ಕತ್ತಲೆ, ನಿಂಗೂ ಹೆದರಿಕೆ ಆಗಿಕ್ಕು." ತನಗೆ ಕೊಟ್ಟ ಬಿಸಿನೀರಿನ ಲೋಟವನ್ನು ನನ್ನ ಕಡೆ ತಳ್ಳಿದಳು. "ಪಾಪ, ಗಂಟಲು ಕಟ್ಟಿಹೋಗಿಕ್ಕು. ಕುಡಿ."

ಕುಡಿದೆ. ಇನ್ನೇನು ಮಾಡಲಿ, ಹೇಳಿ. ನಾನಲ್ಲ ಎಂದರೆ ಕತ್ತಲಲ್ಲಿ ಅವಳನ್ನು ಬಿಟ್ಟುಬಿಟ್ಟೆ ಎಂದು ಒಪ್ಪಿಕೊಂಡಂತೆ. ಮೇಲಾಗಿ, ಅಷ್ಟು ಹೊತ್ತು ಒಡ್ಡಿನ ಮೇಲೆ ಕೂತದ್ದು ಯಾರು ಎಂದು ಅವಳು ಕೇಳಿದರೆ?

ಈಗ ಅವಳ ಕಾಲು ಗುಣವಾಗಿದೆ. ಸಿದ್ದಾಪುರದಲ್ಲಿ ಮದುವೆ, ಮುಂಜಿ ಏನಿದ್ದರೂ ನಾಲ್ಕು ಜನರೆದುರು ನನ್ನನ್ನು ಎಳೆದು ನಿಲ್ಲಿಸಿ, "ನನ್ನ ಜೀವ ಉಳ್ಸಿದ ತಂಗಿ ಇವ್ಳೇಯಾ. ಎಲ್ಲಿ, ಒಂದ್ಸಲ ಕೂ ಹಾಕಿ ತೋರ್ಸೇ," ಎನ್ನುತ್ತಾಳೆ.

ಎಲ್ಲರೂ ನಗುತ್ತ ಕಾಯುತ್ತಾರೆ. ನಾನು ಗಂಟಲು ಸರಿಯಿಲ್ಲ ಎನ್ನುತ್ತೇನೆ. ಹಾಕಿದರೆ ಯಾವ ದಿಕ್ಕಿನಿಂದ ಉತ್ತರ ಬರುತ್ತದೋ ನನಗೆ ಗೊತ್ತಿಲ್ಲ...