ಕಚೇರಿಗೆ ಲಂಗ ಉಟ್ಟು ಬಂದ ಹವಾಲ್ದಾರರು

ಹವಾಲ್ದಾರರ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ದಿನ. ಉಳಿದಂತೆ ಅವು ಮೇಜಿನ ಮೇಲೆ, ಚಹಾದ ಗ್ಲಾಸಿನ ಮೇಲೆ, ಏನೂ ಸಿಗದಿದ್ದರೆ ತಮ್ಮದೇ ತೊಡೆಯ ಮೇಲೆ ಏಳುತ್ತಾ ಬೀಳುತ್ತಾ ಇರುತ್ತಿದ್ದವು. ಎಡಗೈ ಮೇಲೆ, ಬಲಗೈ ಕೆಳಗೆ, ಕಾಣದ ಕೊಳಲೊಂದನ್ನು ಹಿಡಿದವರಂತೆ. ಕೆಲಸಕ್ಕೆ ಸೇರಿದ ಮೊದಲ ವಾರ ಇದು ಯಾವುದೋ ನರದ ಕಾಯಿಲೆ ಇರಬೇಕೆಂದು ಮರುಗಿದ್ದೆ. ಆ ಮರುಕ ಬಹಳ ದಿನ ಬಾಳಲಿಲ್ಲ. ಟೈಪು ಮಾಡುವವಳ ಕಿವಿಯ ಪಕ್ಕದಲ್ಲೇ ದಿನವಿಡೀ ಟಕಟಕ ಎನ್ನುತ್ತಿದ್ದರೆ ಯಾವ ತಾಳ್ಮೆ ಉಳಿದೀತು ಹೇಳಿ.

ಅದು ಎಪ್ಪತ್ತರ ದಶಕದ ಕೊನೆ. ನಾನು ರಾಯಚೂರಿನವಳು. ಟೈಪಿಂಗ್ ಪಾಸಾಗಿ ದೇವದುರ್ಗದ ಒಂದು ಸರಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಯಾವ ಕಚೇರಿ ಎಂದು ಬಿಡಿಸಿ ಹೇಳುವುದಿಲ್ಲ. ಹೊಲದ ಖಾತೆಗಾಗಿ ಜನ ಚಪ್ಪಲಿ ಸವೆಸುವ ಜಾಗ ಎಂದರೆ ಸಾಕು. ದಿನವೂ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ಬೆಳಿಗ್ಗೆ ಒಳಗೆ ಕಾಲಿಟ್ಟ ಗಳಿಗೆಯಿಂದ ಸಂಜೆಯ ಬಸ್ಸು ಸಿಕ್ಕುತ್ತದೋ ಇಲ್ಲವೋ ಎಂಬ ಒಂದೇ ಚಡಪಡಿಕೆ.

ಹವಾಲ್ದಾರರು ಅಲ್ಲಿ ಗುಮಾಸ್ತರು. ಮಾನ್ವಿ ಕಡೆಯ ಕುರುಬರ ಮನೆತನ. ಹುಡುಗನಾಗಿದ್ದಾಗಲೇ ಮಿಲಿಟರಿ ಸೇರಿ, ಅಲ್ಲಿಯ ಬ್ಯಾಂಡಿನಲ್ಲಿ ಬ್ಯಾಗ್‌ಪೈಪು ಊದುತ್ತಿದ್ದವರು. ಕಂಕುಳಲ್ಲಿ ಗಾಳಿಯ ಚೀಲ ಅವುಚಿಕೊಂಡು ಊದುವ ವಾದ್ಯ ಅದು. ಹವಾಲ್ದಾರ್ ಹುದ್ದೆಯಲ್ಲಿ ಪೆನ್ಶನ್ ಪಡೆದು ಬಂದ ಮೇಲೆ ಮಾಜಿ ಸೈನಿಕರ ಮೀಸಲಿನಲ್ಲಿ ಈ ಕುರ್ಚಿ ಸಿಕ್ಕಿತ್ತು. ಕುರ್ಚಿ ಸಿಕ್ಕಿತ್ತೇ ಹೊರತು ಅದರಲ್ಲಿ ಅವರು ಕೂತಿದ್ದು ಕಡಿಮೆ. ನಿಂತೇ ಚಹಾ ಕುಡಿಯುವರು, ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಫೈಲು ಓದುವರು. ಅವರ ಬಾಯಲ್ಲಿ ಒಂದು ಮಾತು ಕಾಯಂ ಆಗಿ ಇರುತ್ತಿತ್ತು: "ಬರದು ಕೊಡ್ರಿ." ಮೇಲಿನವರು ಬಾಯಿಮಾತಿನಲ್ಲಿ ಏನು ಹೇಳಿದರೂ ಇದೇ ಉತ್ತರ. ಚಹಾದಂಗಡಿಯವನು ಸಕ್ಕರೆ ತೀರಿದೆ ಎಂದರೂ, "ಬರದು ಕೊಡಪಾ, ನಮ್ಮ ಮನಿಯಾಕಿಗಿ ತೋರಸ್ತೀನಿ, ಚಾ ಬಿಟ್ಟೀನಿ ಅಂದ್ರ ನಂಬಂಗಿಲ್ಲ" ಎನ್ನುವರು.

ಆ ವರ್ಷ ಹೊಸ ಸಾಹೇಬರು ಬಂದರು. ಮೈಸೂರು ಕಡೆಯವರು, ಇಸ್ತ್ರಿ ಮುರಿಯದ ಮನುಷ್ಯ. ಬಂದ ವಾರವೇ ಎಲ್ಲರನ್ನೂ ಕರೆದು ಕಚೇರಿಗೆ ಗೌರವಯುತ ಉಡುಪಿನಲ್ಲೇ ಬರಬೇಕೆಂದು ಅಪ್ಪಣೆ ಮಾಡಿದರು. ಧೋತರದ ಮುದುಕರಿಬ್ಬರು ಗೊಣಗುತ್ತ ಪ್ಯಾಂಟು ಹೊಲಿಸಿಕೊಂಡರು. ನಾನು ಜಡೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಅಷ್ಟಕ್ಕೇ ಮುಗಿದಿದ್ದರೆ ಇಂದು ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಕೃಷ್ಣಾ ದಂಡೆಯ ಹಳ್ಳಿಯೊಂದರಿಂದ ಒಬ್ಬ ಜೋಗಪ್ಪ ನಮ್ಮಲ್ಲಿಗೆ ಬರುತ್ತಿದ್ದಳು. ಹುಟ್ಟಿದ್ದು ಗಂಡಾಗಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ನಾವೆಲ್ಲ ಆಕೆ ಎಂದೇ ಅನ್ನುತ್ತಿದ್ದೆವು, ನಾನೂ ಹಾಗೇ ಬರೆಯುತ್ತೇನೆ. ತಾಯಿ ತೀರಿಕೊಂಡು, ತಾಯಿಯ ಹೆಸರಿನಲ್ಲಿದ್ದ ಹೊಲದಲ್ಲಿ ಆಕೆಗೂ ಅಣ್ಣನಿಗೂ ಸಮಪಾಲು ಬರಬೇಕಿತ್ತು. ಅಣ್ಣನಿಗೆ ಪೂರ್ತಿ ಹೊಲವೇ ಬೇಕು. ಆಕೆ ಸಾಹೇಬರ ಮುಂದೆ ಖುದ್ದಾಗಿ ನಿಂತು ಹೇಳಿಕೆ ಕೊಟ್ಟರೆ ಪಾಲು ಉಳಿಯುತ್ತದೆ, ಕೊಡದಿದ್ದರೆ ಇಲ್ಲ. ಸಾಹೇಬರು ಆಕೆಯನ್ನು ಬಾಗಿಲಲ್ಲೇ ತಡೆದರು. ದಾಖಲೆಯಲ್ಲಿ ಗಂಡಸಿನ ಹೆಸರಿದೆ, ಗಂಡಸಿನ ಹಾಗೆ ಬರಲಿ, ಈ ವೇಷವನ್ನು ಕಚೇರಿಯೊಳಗೆ ಬಿಡುವುದಿಲ್ಲ ಎಂದರು. ಮುತ್ತು ಕಟ್ಟಿಸಿಕೊಂಡವಳು ಸೀರೆ ಬಿಟ್ಟರೆ ಬದುಕಿದ್ದೂ ಸತ್ತ ಹಾಗೆ ಎಂಬುದು ಅವರಿಗೆ ಯಾರು ತಿಳಿಸಬೇಕು? ಮೊದಲ ಸಲ ವಾಪಸು ಕಳಿಸಿದರು, ಎರಡನೆಯ ಸಲವೂ ಕಳಿಸಿದರು. ಮುಂದಿನ ಸೋಮವಾರವೇ ಕೊನೆಯ ಅವಕಾಶ ಎಂದು ಗುಡುಗಿದರು. ಮೆಟ್ಟಿಲ ಕೆಳಗೆ ಕೂತು ಆಕೆ ಅಳುವುದನ್ನು ನಾನು ಕಿಟಕಿಯಿಂದ ನೋಡಿದೆ. ನನ್ನದು ಇನ್ನೂ ಪ್ರೊಬೇಶನ್ನು. ಬಾಯಿ ಬಿಡುವ ಧೈರ್ಯ ಎಲ್ಲಿಂದ ತರಲಿ?

ಹವಾಲ್ದಾರರು ಅಂದು ವರಾಂಡವನ್ನು ಎಷ್ಟು ತುಳಿದರೋ. ಸಂಜೆ ಎಲ್ಲರೂ ಇದ್ದಾಗ ಸಾಹೇಬರನ್ನು ಮೆತ್ತಗೆ ಕೇಳಿದರು.

"ಸರ್, ಸರಕಾರ ಕೊಟ್ಟ ಉಡುಪು ಗೌರವದ್ದು ಹೌದಲ್ರೀ?"

"ಇದೇನು ಪ್ರಶ್ನೆ? ಸರ್ಕಾರಿ ಯೂನಿಫಾರ್ಮಿಗಿಂತ ಹೆಚ್ಚಿನ ಗೌರವ ಯಾವುದಿದೆ?" ಎಂದರು ಸಾಹೇಬರು.

ಹವಾಲ್ದಾರರು ಸೆಲ್ಯೂಟು ಹೊಡೆದು ಹೊರಟುಹೋದರು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಕಚೇರಿಯ ಮುಂದೆ ಗುಂಪು ನೆರೆದಿತ್ತು. ಮೇ ತಿಂಗಳ ಬಿಸಿಲು, ಕರೆಂಟು ಬೇರೆ ಹೋಗಿತ್ತು. ಮೆಟ್ಟಿಲ ಮೇಲೆ ಹವಾಲ್ದಾರರು ನಿಂತಿದ್ದರು. ಮೇಲೆ ಪದಕ ಸಿಕ್ಕಿಸಿದ ಮಿಲಿಟರಿ ಅಂಗಿ. ಕೆಳಗೆ ಹಸಿರು ಕಪ್ಪು ಚೌಕುಳಿಯ, ನೆರಿಗೆ ನೆರಿಗೆಯ, ಮೊಣಕಾಲಿನವರೆಗಿನ ಲಂಗ. ಮುಂದೆ ಕುಚ್ಚಿನ ಚೀಲವೊಂದು ಇಳಿಬಿದ್ದಿತ್ತು. ಅದರ ಕೆಳಗೆ ಅವರ ಎರಡು ಕರಿ ಮೊಣಕಾಲು, ಆಮೇಲೆ ಉದ್ದನೆಯ ಕಾಲುಚೀಲ. ಅದಕ್ಕೆ ಕಿಲ್ಟು ಅನ್ನುತ್ತಾರೆಂದು, ಮಿಲಿಟರಿಯಲ್ಲಿ ಬ್ಯಾಗ್‌ಪೈಪು ಊದುವವರ ಉಡುಪು ಅದೆಂದು ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಹೊಳೆದದ್ದು ಒಂದೇ: ಈ ಮನುಷ್ಯನಿಗೆ ಬಿಸಿಲು ನೆತ್ತಿಗೇರಿದೆ.

ಖಾತೆಗಾಗಿ ಬಂದ ಹೆಂಗಸರಿಗೆ ಹೊಳೆದದ್ದೇ ಬೇರೆ. ಲಂಗ ಉಟ್ಟ ಗಂಡಸೆಂದರೆ ನಮ್ಮ ಕಡೆ ಒಂದೇ ಅರ್ಥ: ಎಲ್ಲಮ್ಮ ಮೈಮೇಲೆ ಬಂದವನು. ಒಬ್ಬ ಮುದುಕಿ ಎದ್ದು ಬಂದು "ತಾಯಿ ಬಂದಾಳೇನೋ ಯಪ್ಪಾ" ಎಂದು ಅವರ ಕಾಲಿಗೆ ಬಿದ್ದು, ಗಂಟಿನಿಂದ ಒಂದು ಹಿಡಿ ಜೋಳ ತೆಗೆದು ಆ ಕುಚ್ಚಿನ ಚೀಲಕ್ಕೆ ಹಾಕಿಯೇಬಿಟ್ಟಳು. ಹಿಂದಿನಿಂದ ಯಾರೋ "ಉಧೋ ಉಧೋ" ಎಂದು ಎಲ್ಲಮ್ಮನ ಜಯಕಾರ ಹಾಕಿದರು. ಗುಮಾಸ್ತರೆಲ್ಲ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಹವಾಲ್ದಾರರು ಮಾತ್ರ ನಗಲಿಲ್ಲ. ಮುದುಕಿಯನ್ನು ಎಬ್ಬಿಸಿ, ಕೈ ಮುಗಿದು, ಜೋಳವನ್ನು ಚೀಲದಲ್ಲೇ ಇಟ್ಟುಕೊಂಡರು. ಉಣ್ಣೆಯ ಬಟ್ಟೆ, ಬೆವರು ಕಾಲುಚೀಲಕ್ಕೆ ಇಳಿಯುತ್ತಿತ್ತು. ಆದರೆ ಬೆರಳುಗಳು ಹೊಲಿಗೆ ಹಾಕಿದ ಹಾಗೆ ಪಕ್ಕಕ್ಕೆ ಅಂಟಿಕೊಂಡಿದ್ದವು. ನಾನು ಹೇಳಿದ ಆ ಒಂದು ದಿನ ಇದೇ.

ಸಾಹೇಬರು ಜೀಪಿನಿಂದ ಇಳಿದವರು ಇಳಿದಲ್ಲೇ ನಿಂತರು. ಇದೇನು ವೇಷ, ತಕ್ಷಣ ಮನೆಗೆ ಹೋಗಿ ಬದಲಾಯಿಸಿ ಬನ್ನಿ ಎಂದರು.

"ಸರಕಾರದ ಉಡುಪು ಸರ್. ಇದನ್ನ ಉಟಗೊಂಡು ದೊಡ್ಡ ದೊಡ್ಡ ಪರೇಡ್ ಮಾಡೀನಿ. ಇದು ಮರ್ಯಾದಿ ಇಲ್ಲದ್ದು ಅಂದ್ರ ಬರದು ಕೊಡ್ರಿ, ಹ್ವಾಗ್ತೀನಿ."

ಮಿಲಿಟರಿ ಉಡುಪು ಅಗೌರವದ್ದೆಂದು ಯಾವ ಸಾಹೇಬ ಬರೆದು ಸಹಿ ಹಾಕಿಯಾನು? ಬಿಸಿಲಲ್ಲಿ ಸಾಹೇಬರ ಮುಖ ಕೆಂಪೇರಿತು. ಕಡೆಗೆ ಅವರು ಮೆಟ್ಟಿಲು ಹತ್ತಿದರು. ಹವಾಲ್ದಾರರು ಮೆಟ್ಟಿಲ ಕೆಳಗೆ ಕಾದು ನಿಂತಿದ್ದ ಜೋಗಪ್ಪನ ಕಡೆ ತಿರುಗಿ, "ಬಾರವಾ ಒಳಗ" ಎಂದರು. ಆಕೆ ಅಲ್ಲಾಡಲಿಲ್ಲ. ಹವಾಲ್ದಾರರು ಕೆಳಗಿಳಿದು ಆಕೆಯ ಪಕ್ಕದಲ್ಲಿ ನಿಂತು, ಜೊತೆಯಲ್ಲೇ ಮೆಟ್ಟಿಲು ಹತ್ತಿಸಿಕೊಂಡು ಒಳಗೆ ತಂದರು. ಹೀಗೆ ಒಂದು ಲಂಗ, ಒಂದು ಸೀರೆ ಸಾಹೇಬರ ಮೇಜಿನ ಮುಂದೆ ನಿಂತವು.

"ನನಗ ಇದನ್ನ ಸರಕಾರ ಕೊಟ್ಟಾದ ಸರ್. ಆಕಿಗಿ ಸೀರಿ ಎಲ್ಲಮ್ಮ ಕೊಟ್ಟಾಳ. ನನ್ನ ಒಳಗ ಬಿಟ್ಟೀರಿ, ಆಕೀನೂ ಬಿಡ್ರಿ."

ಸಾಹೇಬರು ತಲೆಯೆತ್ತಲಿಲ್ಲ. ಹೇಳಿಕೆ ಬರೆದುಕೊಳ್ಳಮ್ಮ ಎಂದು ನನಗೆ ಹೇಳಿದರು. ಆಕೆ ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ತಪ್ಪು ಹೊಡೆದು ಎರಡು ಹಾಳೆ ಕೆಟ್ಟವು. ಹೊಲದ ಅರ್ಧ ಪಾಲು ಆಕೆಯ ಹೆಸರಿಗೆ ಉಳಿಯಿತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹವಾಲ್ದಾರರು ಸಿಕ್ಕರು, ಮತ್ತೆ ಪ್ಯಾಂಟಿನಲ್ಲಿ, ಮತ್ತೆ ಬೆರಳು ಕುಣಿಸುತ್ತಾ. ನಿಮಗೆ ಇದೆಲ್ಲ ಯಾಕೆ ಬೇಕಿತ್ತು, ನೌಕರಿಗೇ ಸಂಚಕಾರ ಬಂದಿದ್ದರೆ ಏನು ಗತಿ ಎಂದು ಸಿಡುಕಿದೆ. ಸಿಟ್ಟು ಅವರ ಮೇಲಲ್ಲ, ನನ್ನ ಹೆದರಿಕೆಯ ಮೇಲೆ. ಅವರು ನಿಧಾನವಾಗಿ ಹೇಳಿದರು. ಮೊದಲ ಸಲ ರಜೆಗೆ ಬಂದಾಗ ಮನೆಯವರಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಆ ಕಿಲ್ಟು ಉಟ್ಟೇ ಊರೊಳಗೆ ನಡೆದಿದ್ದರಂತೆ. ಕುರಿ ಕಾಯುತ್ತಿದ್ದ ಅಪ್ಪ ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಡಲಿಲ್ಲ. ಊರ ಹುಡುಗರು ಸುತ್ತ ಸೇರಿ ಕೇಕೆ ಹಾಕಿದರು. ಹೊತ್ತು ಮುಳುಗುವ ತನಕ ಹೊರಗೇ ನಿಂತರು. ಕಡೆಗೆ ತಾಯಿ ಹಿತ್ತಿಲಿನಿಂದ ಬಂದು, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ನಮ್ಮ ಕಂಬಳಿಗಿಂತ ಬಿಗಿಯಾಗಿ ನೇದಾರಲ್ಲೋ" ಎಂದಳಂತೆ. ಅಷ್ಟು ಮಾತಿಗೆ ಅವರಿಗೆ ಜೀವ ಬಂತಂತೆ.

"ಸ್ವಂತ ಮನಿ ಬಾಗಿಲದಾಗ ಹೊರಗ ನಿಂತಾವ ನಾ. ಅದು ಹೆಂಗಿರ್ತದ ಅಂತ ನನಗ ಗೊತ್ತದ ತಂಗಿ" ಎಂದರು. ನನ್ನ ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ಅತ್ತೆ.

ಸಾಹೇಬರು ಬರೆದು ಕೊಡಲಿಲ್ಲ ನಿಜ, ಆದರೆ ಸೇಡು ಬಿಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹವಾಲ್ದಾರರಿಗೆ ಮಾನ್ವಿಗೆ ವರ್ಗವಾಯಿತು, ಬರಬೇಕಿದ್ದ ಬಡ್ತಿ ಹಿಂದೆ ಬಿತ್ತು. ನಾವು ಕಣ್ಣೀರು ಹಾಕಿದರೆ ಅವರು, ಪಲ್ಟನ್ನಿನಲ್ಲಿ ಶಿಕ್ಷೆಯೆಂದರೆ ಹಿಮದ ಬೆಟ್ಟಕ್ಕೆ ಕಳಿಸುತ್ತಿದ್ದರು, ಈ ಸಾಹೇಬ ನನ್ನೂರಿನ ಕಡೆಗೇ, ಹೆಂಡತಿಯ ತವರಿಗೇ ಕಳಿಸುತ್ತಿದ್ದಾನೆ ಎಂದು ನಕ್ಕರು.

ನನಗೂ ಮುಂದೆ ರಾಯಚೂರಿಗೆ ವರ್ಗವಾಯಿತು, ಮದುವೆಯಾಯಿತು. ಬಸುರಿಯಾಗಿ ತಿಂಗಳು ತುಂಬುತ್ತಾ ಬಂದಾಗ ಅಲ್ಲಿಯ ಮೇಲಧಿಕಾರಿ, ಬಂದವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ, ಹಿಂದಿನ ಕೋಣೆಗೆ ಹೋಗಿ ಕೂರು ಎಂದರು. ಬರೆದು ಕೊಡಿ ಸರ್ ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ನನಗೇ ಗಾಬರಿಯಾಯಿತು. ನನ್ನ ಟೈಪ್‌ರೈಟರು ಇದ್ದಲ್ಲೇ ಉಳಿಯಿತು. ಆ ಋಣ ನನ್ನ ತಲೆಯ ಮೇಲೆ ಇನ್ನೂ ಇದೆ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಹವಾಲ್ದಾರರು ತೀರಿಹೋದ ಸುದ್ದಿ ಬಂತು. ಮಾನ್ವಿಗೆ ಓಡಿದೆ. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು, ಬಿಳಿ ಬಟ್ಟೆಯ ಮೇಲೆ ಆ ಚೌಕುಳಿ ಲಂಗವನ್ನು ಮಡಿಸಿ ಇಟ್ಟಿದ್ದರು. ಎತ್ತುವ ಹೊತ್ತಿಗೆ ಗದ್ದಲವೆದ್ದಿತು. ದೇವದುರ್ಗ ಕಡೆಯಿಂದ ಬಂದಿದ್ದ ಅದೇ ಜೋಗಪ್ಪ ಹೆಗಲು ಕೊಡಲು ಮುಂದಾಗಿದ್ದಳು. ಹೆಂಗಸರು ಹೆಗಲು ಕೊಡುವ ಪದ್ಧತಿ ಇಲ್ಲ ಎಂದು ಒಬ್ಬ ಹಿರಿಯ, ಅದು ಹೆಂಗಸಲ್ಲ ಎಂದು ಇನ್ನೊಬ್ಬ, ಹಾಗಾದರೆ ಧೋತರ ಉಟ್ಟು ಬರಲಿ ಎಂದು ಮತ್ತೊಬ್ಬ. ಆಕೆ ತಲೆ ತಗ್ಗಿಸಿಕೊಂಡು ಹಿಂದೆ ಸರಿದಳು.

ಒಳಗಿನಿಂದ ಹವಾಲ್ದಾರರ ಹೆಂಡತಿ ಎದ್ದು ಹೊಸ್ತಿಲಿಗೆ ಬಂದರು.

"ಆಕಿ ಸಲುವಾಗಿ ಅವ್ರು ಲಂಗ ಉಟ್ಟು ಕಚೇರಿಗಿ ಹೋಗಿದ್ರು. ಅವ್ರ ಸಲುವಾಗಿ ಆಕಿ ಸೀರಿ ಉಟಗೊಂಡೇ ಹೆಗಲು ಕೊಡ್ತಾಳ. ಬ್ಯಾಡ ಅನ್ನಾವ್ರು ಬರದು ಕೊಡ್ರಿ."

ಯಾರೂ ಬರೆದು ಕೊಡಲಿಲ್ಲ. ಜೋಗಪ್ಪ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಟ್ಟದ ಮುಂದಿನ ಬಲಗಡೆ ಹೆಗಲು ಕೊಟ್ಟಳು.